ವಿಮಾನದ ಮೇಲೆ ಕುಳಿತ ಕರಿಬಸಪ್ಪ

ಎರಡು ಎನ್ನಬೇಕೋ, ಮೂರೋ? ಮೂರೆಂದರೆ ಬಡಿವಾರ. ಒಂದೆಂದರೆ ಇಷ್ಟು ದೊಡ್ಡ ಹುದ್ದೆಗೆ ಸಾಲದು. ಸ್ಕ್ವಾಡ್ರನ್ ಕಮಾಂಡರ್ ಕರಿಬಸಪ್ಪ ಶತ್ರುವಿನ ಒಂದು ವಿಮಾನವನ್ನೂ ಕೆಡವಿರಲಿಲ್ಲ.

"ಎರಡು," ಎಂದ.

ಎಷ್ಟು ವಿಮಾನ ಕೆಡವಿದಿರಿ ಎಂದು ಕೇಳಿದ್ದ ಕಿನ್ನಾಳದ ಚಿತ್ರಗಾರ ಹಂಪಣ್ಣ ಎರಡು ಕಟ್ಟಿಗೆ ತುಂಡು ಆರಿಸಿ ಬದಿಗಿಟ್ಟ. ಯುದ್ಧ ಮುಗಿದು ವರ್ಷವಾಗಿತ್ತು. ಕೊಪ್ಪಳದ ಸನ್ಮಾನ ಸಮಿತಿಯ ಅಂದಪ್ಪನವರು ಕಮಾಂಡರನ ಬಣ್ಣದ ಮೂರ್ತಿ ಮಾಡಿಸಲು ಅವನನ್ನೇ ಹಂಪಣ್ಣನ ಮನೆಗೆ ಕರೆತಂದಿದ್ದರು. ದೇವರ ಮೂರ್ತಿ ಮಾಡಿಯೇ ರೂಢಿಯಿದ್ದ ಹಂಪಣ್ಣ, ಗರುಡನ ಮೇಲೆ ವಿಷ್ಣು ಕುಳಿತಂತೆ, ವಿಮಾನದ ಬೆನ್ನ ಮೇಲೆ ಕರಿಬಸಪ್ಪನನ್ನು ಹಲಗೆಯೊಂದರ ಮೇಲೆ ಗೀಚಿದ್ದ.

"ಒಳಗ ಕೂಡತಾರೋ ಮಾರಾಯ," ಎಂದ ಕರಿಬಸಪ್ಪ.

"ಒಳಗ ಕೂತ್ರ ಮಂದಿಗೆ ಹೆಂಗ ಕಾಣಸ್ತೀರಿ? ವಾಹನ ಅಂದಮ್ಯಾಲ ಮ್ಯಾಲ ಕೂಡಬೇಕ್ರಿ. ಕೆಡವಿದ ಎರಡನ್ನೂ ಕಾಲಾಗ ಹಾಕ್ತೀನಿ, ರಕ್ಕಸರ ಹಂಗ."

"ಮೀಸಿ ಇನ್ನಷ್ಟು ದಪ್ಪ ಇರ್ಲಿ," ಎಂದರು ಅಂದಪ್ಪ.

"ನನಗ ಮೀಸಿನ ಇಲ್ಲಲ್ರಿ."

"ಮೂರ್ತಿಗೆ ಇರ್ಲಿ ಬಿಡ್ರಿ."

ಬರ್ಮಾ ಗಡಿಯಲ್ಲಿ ಅವನು ಹಾಳುಮಾಡಿದ ಎರಡು ವಿಮಾನಗಳೂ ತನ್ನವೇ. ಒಂದನ್ನು ಚಕ್ರ ಬಿಡುವುದು ಮರೆತು ಇಳಿಸಿದ. ಇನ್ನೊಂದು ಏರುವ ಮೊದಲೇ ಹೊತ್ತಿಕೊಂಡಿತು. ಆ ಬೆಂಕಿಯಿಂದ ಅವನನ್ನು ಎಳೆದು ತಂದವನು ಗಿಣಿಗೇರಾದ ಮೆಕ್ಯಾನಿಕ್ ಜಿಲಾನಸಾಬ. ಆದರೆ ಕರಿಬಸಪ್ಪ ಬರೆದ ವರದಿಯಲ್ಲಿ ಕರಿಬಸಪ್ಪ ತಾನೇ ಹೊರಬಂದಿದ್ದ. ಪದಕ ಬಂತು. ಮೇಲಿನವರಲ್ಲಿ ಕೆಲವರು ಸತ್ತು, ಉಳಿದವರು ಮಲೇರಿಯಾದಲ್ಲಿ ಮಲಗಿ, ಅವನು ಕಮಾಂಡರ್ ಆದ. ಜಿಲಾನಸಾಬನ ಕೈ ಸುಟ್ಟಿದ್ದಕ್ಕೆ ಬೇರೆ ಕಾರಣ ಬೇಕಾಯಿತು. ಅಡುಗೆ ಒಲೆ ಎಂದು ಬರೆದರು. ಒಲೆಗೆ ಪಿಂಚಣಿ ಇರಲಿಲ್ಲ. ಕಮಾಂಡರ್ ನಿಜ ಬರೆದುಕೊಟ್ಟರೆ ಸಿಗುತ್ತಿತ್ತು. ಅದನ್ನು ಕೇಳಲೆಂದೇ ಜಿಲಾನಸಾಬ ಬೆಳಿಗ್ಗೆಯಿಂದ, ಬೆರಳು ಅಂಟಿಕೊಂಡ ಕೈಗಳನ್ನು ವಸ್ತ್ರದಡಿ ಇಟ್ಟುಕೊಂಡು, ಬಾಗಿಲಲ್ಲಿ ಕುಳಿತಿದ್ದ.

"ಸಾಹೇಬ್ರ," ಎಂದ ಹಂಪಣ್ಣ, "ಮೂರ್ತಿ ಪಕ್ಕದಾಗ ಒಬ್ಬ ಸೇವಕ ಇರಬೇಕ್ರಿ. ಇಲ್ಲಂದ್ರ ಪೂರಾ ಆಗಂಗಿಲ್ಲ. ನಿಮ್ಮ ಕೂಡ ಯಾರಿದ್ರು?"

ಜಿಲಾನಸಾಬ ಎದ್ದು ನಿಂತ.

"ನೀನೂ ಅಲ್ಲೇ ಫೌಜಿನಾಗ ಇದ್ದೆಲ್ಲೋ ಜಿಲಾನ," ಅಂದಪ್ಪ ಕೇಳಿದರು, "ಯಾರಿದ್ರೋ?"

"ಸಾಹೇಬ್ರ ಹೇಳ್ತಾರ್ರಿ."

ಕರಿಬಸಪ್ಪ ಹಲಗೆಯ ಮೇಲಿನ ಮೀಸೆಯನ್ನೇ ನೋಡಿದ.

"ಯಾರೂ ಇರ್ಲಿಲ್ಲ."

"ಹಂಗಾರ ಒಂದು ಗಿಳಿ ಇಡ್ತೀನ್ರಿ," ಎಂದ ಹಂಪಣ್ಣ.

ಜಿಲಾನಸಾಬ ಸಲಾಮು ಮಾಡಿ ಗಿಣಿಗೇರಾದ ದಾರಿ ಹಿಡಿದ. ಪತ್ರ ಕೇಳಲಿಲ್ಲ.

ಮುಂದೆ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಭೆಗಳಲ್ಲಿ ಕರಿಬಸಪ್ಪ ಆ ಬೆಂಕಿಯ ಕಥೆ ಹೇಳಿದ. ಜಿಲಾನಸಾಬ ತನ್ನನ್ನು ಎಳೆದು ತಂದ ಎಂದು ಒಮ್ಮೆಯೂ ಹೇಳಲಿಲ್ಲ.