ಲೆಕ್ಕದ ಮಾವನ ಅನುಮತಿ

"ಮತ್ತೆ ಬಂತು ನೋಡಿ," ಎಂದಳು ಅಂಗಡಿಯ ಯಜಮಾನರ ಸೊಸೆ.

ಪರದೆಯ ನಡುವೆ ಅದೇ ಚೌಕ, ಅದೇ ಕೆಂಪು ಗುರುತು, ಅದೇ ಮಾತು: ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ. ಸಂಪರ್ಕಿಸಬೇಕಾದ ಅಡ್ಮಿನಿಸ್ಟ್ರೇಟರು ಅವಳ ಬೆನ್ನ ಹಿಂದೆಯೇ ಕಾಫಿ ಲೋಟ ಹಿಡಿದು ನಿಂತಿದ್ದರು. ನಿನ್ನೆ ಸಂಜೆ ಐದೂವರೆಗೆ ತಾವೇ ಸರಿಮಾಡಿ, ಅವಳ ಕೈಯಿಂದಲೇ ತೆರೆಸಿ, ಮುಚ್ಚಿಸಿ, ಮತ್ತೊಮ್ಮೆ ತೆರೆಸಿ ನೋಡಿ ಮನೆಗೆ ಹೋಗಿದ್ದರು. ಮೂರು ದಿನದಿಂದ ಇದೇ ಗೋಳು. ಸಂಜೆ ತೆರೆಯುತ್ತದೆ, ಬೆಳಿಗ್ಗೆ ತೆರೆಯುವುದಿಲ್ಲ.

ನಲ್ಲಿ, ಪೈಪು ಮಾರುವ ಆ ಸಗಟು ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಲೆಕ್ಕದ ಮಾವ ಎಂದು. ಯಜಮಾನರ ತಂಗಿಯ ಗಂಡ. ಎರಡು ತಿಂಗಳ ಮಟ್ಟಿಗೆ ಬಂದು ಲೆಕ್ಕ ನೋಡಿಕೊಡಿ ಎಂದು ಭಾವ ಕರೆದಿದ್ದರು. ಆ ಎರಡು ತಿಂಗಳಿಗೆ ಈಗ ಹತ್ತೊಂಬತ್ತು ವರ್ಷ. ಇರುವುದಕ್ಕೆ ಗೋದಾಮಿನ ಮೇಲಿನ ಎರಡು ಕೋಣೆ, ಬಾಡಿಗೆ ಇಲ್ಲ. ಬಾಡಿಗೆ ಇಲ್ಲದ ಮನೆಯಷ್ಟು ದುಬಾರಿ ಮನೆ ಇನ್ನೊಂದಿಲ್ಲ ಎನ್ನುವುದು ಲೆಕ್ಕ ಬಲ್ಲವರಿಗೂ ತಡವಾಗಿಯೇ ಗೊತ್ತಾಗುತ್ತದೆ.

ಆ ಫೋಲ್ಡರಿಗೆ ಬೀಗ ಹಾಕಿದ್ದೂ ಅವರೇ. ಹತ್ತು ವರ್ಷದ ಹಿಂದೆ ಯಜಮಾನರು ಏನನ್ನೋ ಹುಡುಕಲು ಹೋಗಿ ಒಂದು ಇಡೀ ವರ್ಷದ ಲೆಕ್ಕ ಅಳಿಸಿಹಾಕಿದ್ದರು. ಅದನ್ನು ಮತ್ತೆ ಬರೆಯಲು ನಾಲ್ಕು ತಿಂಗಳು ಹಿಡಿದಿತ್ತು. "ಇನ್ಮೇಲೆ ನಿಮ್ಮೊಬ್ರನ್ನ ಬಿಟ್ಟು ಇದನ್ನ ಯಾರೂ ಮುಟ್ಟಬಾರ್ದು," ಎಂದಿದ್ದರು ಯಜಮಾನರು. ಲೆಕ್ಕದ ಮಾವ ಭಾನುವಾರವೆಲ್ಲ ಕೂತು, ಪುಸ್ತಕ ನೋಡಿಕೊಂಡು, ಫೋಲ್ಡರಿನ ಅನುಮತಿಗಳನ್ನೆಲ್ಲ ಕಿತ್ತು ತಮ್ಮ ಹೆಸರೊಂದನ್ನೇ ಉಳಿಸಿದ್ದರು. ಅಂದು ಅವರಿಗೆ ಹೆಮ್ಮೆಯಾಗಿತ್ತು. ತಾವಿಲ್ಲದೆ ಅಂಗಡಿ ನಡೆಯದು ಎಂದು ಹೆಂಡತಿಗೆ ಹೇಳಿಕೊಂಡಿದ್ದರು ಕೂಡ. ಆಮೇಲೆ ಜ್ವರ ಬಂದರೂ ಕಂಬಳಿ ಹೊದ್ದು ಮೆಟ್ಟಿಲಿಳಿಯಬೇಕಾಯಿತು. ಮಾಡಿದ್ದುಣ್ಣೋ ಮಹರಾಯ.

ಈಗ ದೂರದ ಊರಿನ ವಸತಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಕಚೇರಿಯ ಕಿಟಕಿಯಾಚೆ ಆಟದ ಮೈದಾನ, ಪಕ್ಕದಲ್ಲೇ ಗುಮಾಸ್ತರ ಮನೆ. ಒಂದನೇ ತಾರೀಕು ಹಾಜರಾಗಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ. ಇವತ್ತು ಇಪ್ಪತ್ತೆಂಟು. ಶಾಲೆಯವರಿಗೆ ಅನುಭವ ಪತ್ರ ಬೇಕಿತ್ತು. ಅದು ಟೈಪಾಗಿ ಯಜಮಾನರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು.

"ಹೋಗಿ, ಬೇಡ ಅಂದವ್ರು ಯಾರು?" ಎಂದಿದ್ದರು ಯಜಮಾನರು. "ಸೊಸೆ ಕೈಯಲ್ಲಿ ತೆರೀಲಿ, ಆ ಕ್ಷಣಾನೇ ಸೈನ್ ಹಾಕ್ತೀನಿ. ಹೊರಗಿನವರ ಕೈಗೆ ಲೆಕ್ಕ ಕೊಟ್ರೆ ನಂಗೆ ನಿದ್ದೆ ಬರಲ್ಲ."

ಸೊಸೆಯನ್ನು ಯಾರೂ ಕೇಳಿರಲಿಲ್ಲ. ಲೆಕ್ಕದ ಮಾವನೂ ಕೇಳಿರಲಿಲ್ಲ. ಸೋಮವಾರ ಕಂಪ್ಯೂಟರಿನಲ್ಲಿ ಅವಳಿಗೊಂದು ಖಾತೆ ತೆರೆದು, ಕಲಿಯುವವಳಿಗೆ ಅಡ್ಡಿಯಾಗದಿರಲಿ ಎಂದು ಅವಳನ್ನೂ ತಮ್ಮಂತೆಯೇ ಅಡ್ಮಿನಿಸ್ಟ್ರೇಟರ್ ಮಾಡಿದ್ದರು.

"ನೀವೇ ನೋಡಿ," ಎಂದು ಅವಳು ಎದ್ದು ಜಾಗ ಬಿಟ್ಟಳು. ಅವರು ಕೂತು ಪರದೆಗೆ ಮುಖ ಹತ್ತಿರ ತಂದರು. ಮೊನ್ನೆ ವೈರಸ್ ತಡೆಯುವ ಸಾಫ್ಟ್‌ವೇರಿನ ಮೇಲೆ ಅನುಮಾನಪಟ್ಟು ಅದನ್ನು ತೆಗೆದಿದ್ದರು. ನಿನ್ನೆ ಕಂಪನಿಯ ಸಹಾಯವಾಣಿಗೆ ಮುಕ್ಕಾಲು ಗಂಟೆ ಕಾದಿದ್ದರು. ಆ ಕಡೆಯ ಹುಡುಗಿ, "ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ," ಎಂದು ಜ್ಞಾನೋದಯ ಮಾಡಿಸಿದ್ದಳು. ಇವತ್ತು ಏನು ಮಾಡುವುದೆಂದು ತಲೆ ಎತ್ತಿದಾಗ ಕುತ್ತಿಗೆಯಲ್ಲಿ ಚಳುಕು ಹೊಡೆದು, "ಅಯ್ಯಮ್ಮಾ" ಎಂದರು.

"ಅಲ್ಲಾಡಬೇಡಿ, ಮಾವ." ಸೊಸೆ ಅವರ ಹಿಂದೆ ಬಂದು ಎರಡು ಬೆರಳನ್ನು ಕುತ್ತಿಗೆಯ ಬುಡದಲ್ಲಿ ಒತ್ತಿದಳು. ಬೆರಳು ಸರಿಸುತ್ತ ಹುಡುಕಿ, ಒಂದು ಕಡೆ ನಿಲ್ಲಿಸಿ, ಅಲ್ಲಿಯೇ ಒತ್ತಿ ಹಿಡಿದಳು. ನೋವು ಮೊದಲು ಜೋರಾಯಿತು, ಆಮೇಲೆ ಕರಗತೊಡಗಿತು. ಲೆಕ್ಕದ ಮಾವ ಕಣ್ಣು ಮುಚ್ಚಿದರು. ಇಷ್ಟು ದಿನ ಕೀಬೋರ್ಡಿನ ಮೇಲೆ ತಡವರಿಸುತ್ತಿದ್ದ ಬೆರಳುಗಳು ಇವೇ ಎಂದು ನಂಬಲಾಗಲಿಲ್ಲ.

"ಎಲ್ಲಿ ಕಲ್ತೆಯಮ್ಮ ಇದನ್ನ?"

"ಓದಿದ್ದೇ ಇದನ್ನಲ್ವಾ ಮಾವ, ಫಿಸಿಯೋಥೆರಪಿ. ಮದುವೆಗೆ ಮುಂಚೆ ಕ್ಲಿನಿಕ್ಕಲ್ಲಿದ್ದೆ. ಎಡಕ್ಕೆ ತಿರುಗಿಸಿ... ನಿಧಾನ. ಅವರು ವಾಪಸ್ ಕರೀತಿದಾರೆ. ಒಂದನೇ ತಾರೀಕಿಂದ."

"ಓಹೋ," ಎಂದರು ಲೆಕ್ಕದ ಮಾವ. ಕುತ್ತಿಗೆ ಹಗುರಾದ ಸುಖದಲ್ಲಿ ಅವರು ಆ ಮಾತನ್ನು ಮುಂದೆ ಯೋಚಿಸಲಿಲ್ಲ.

ಕೆಳಗಿನಿಂದ ಯಜಮಾನರು ಕೂಗಿದರು, ಅವಳು ಇಳಿದುಹೋದಳು. ಲೆಕ್ಕದ ಮಾವ ಫೋಲ್ಡರಿನ ಅನುಮತಿಗಳ ಪಟ್ಟಿ ತೆರೆದರು. ಪ್ರತಿದಿನ ಅವಳ ಹೆಸರು ತೆಗೆದು, ಹೊಸದಾಗಿ ಸೇರಿಸಿ, 'ಕೊಡು' ಎಂಬ ಸಾಲಿನಲ್ಲಿ ಗುರುತು ಹಾಕುವುದಷ್ಟೇ ಅವರ ಕೆಲಸವಾಗಿತ್ತು. ಪಕ್ಕದ ಸಾಲನ್ನು ಅವರು ಈವರೆಗೆ ನೋಡಿರಲೇ ಇಲ್ಲ. ಅದು 'ನಿರಾಕರಿಸು' ಎಂಬ ಸಾಲು. ಅವಳ ಹೆಸರಿನ ಮುಂದೆ, ಆ ಸಾಲಿನಲ್ಲಿ, ಮೇಲಿನಿಂದ ಕೆಳಗಿನವರೆಗೆ ಅಚ್ಚುಕಟ್ಟಾಗಿ ಗುರುತು ಬಿದ್ದಿತ್ತು. ವೈರಸ್ಸಿಗೆ ಅಷ್ಟು ಅಚ್ಚುಕಟ್ಟು ಇರುವುದಿಲ್ಲ. ಈ ಕಂಪ್ಯೂಟರ್ ಮುಟ್ಟುವವರು ಇಬ್ಬರೇ.

ಅವಳು ಮೆಟ್ಟಿಲು ಹತ್ತಿ ಬಂದಾಗ ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು.

"ಇದು ತಾನಾಗೇ ಬೀಳೋ ಗುರುತಲ್ಲ."

ಅವಳು ನಟಿಸಲಿಲ್ಲ. "ಅಲ್ಲ," ಎಂದಳು.

"ನನ್ನ ನೋಡೇ ಕಲ್ತೆಯಾ?"

"ನೀವು ಚೆನ್ನಾಗಿ ಹೇಳ್ಕೊಡ್ತೀರಿ."

ಲೆಕ್ಕದ ಮಾವನಿಗೆ ನಗು ಬಂತು, ಅದನ್ನು ತಡೆದುಕೊಂಡರು. "ಮನೇಲಿ ಬಾಯಿಬಿಟ್ಟು ಹೇಳಬಾರ್ದಿತ್ತಾ, ನಂಗಿಷ್ಟ ಇಲ್ಲ ಅಂತ?"

"ಹೇಳ್ದೆ. ಮನೆ ಲೆಕ್ಕ ಮನೆಯವರೇ ನೋಡಿದ್ರೆ ಕಷ್ಟ ಏನು ಅಂದ್ರು. ಇವರನ್ನ ಕೇಳಿದ್ರೆ, ಅಪ್ಪನ ಮುಂದೆ ನಾನು ಬಾಯಿಬಿಡಲ್ಲ, ನಿಂಗೊತ್ತಲ್ಲ ಅಂದ್ರು." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅದು ತೆರೀದೇ ಇದ್ರೆ ಯಾರ ತಪ್ಪೂ ಅಲ್ಲ ಅಲ್ವಾ ಮಾವ? ಕಂಪ್ಯೂಟರ್ ತಪ್ಪು. ಒಂದನೇ ತಾರೀಕು ದಾಟೋವರೆಗೆ ಆಗ್ತಿಲ್ಲ ಅಂತ ಹೇಳಿಬಿಡಿ. ಬೇರೆಯವರನ್ನ ಇಟ್ಕೋತಾರೆ."

ಯಜಮಾನರು ಬೇರೆಯವರನ್ನು ಇಟ್ಟುಕೊಳ್ಳುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಇಟ್ಕೊಳ್ಳಲ್ಲ ಕಣಮ್ಮ. ನನ್ನನ್ನೇ ಇಟ್ಕೋತಾರೆ."

"ಗೊತ್ತು," ಎಂದಳು ಅವಳು. ಕೈಯ ಬಳೆ ತಿರುಗಿಸಿದಳು. "ನಿಮ್ಮ ಬಗ್ಗೆ ಯೋಚನೆ ಮಾಡ್ಲಿಲ್ಲ ಅಂತಲ್ಲ. ಮಾಡ್ದೆ. ನಿಮಗೆ ಹೇಗೂ ಅಭ್ಯಾಸ ಆಗಿದೆ ಅಂದ್ಕೊಂಡೆ."

ಅಭ್ಯಾಸ! ಆ ಮಾತು ಲೆಕ್ಕದ ಮಾವನ ಎದೆಗೆ ನಾಟಿತು. ಅವಳು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹಾಗೆ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಭಾವ ಹತ್ತೊಂಬತ್ತು ವರ್ಷದಿಂದ ಅಂದುಕೊಂಡದ್ದನ್ನೇ ಅವಳು ನಾಲ್ಕು ದಿನದಲ್ಲಿ ಅಂದುಕೊಂಡಿದ್ದಳು. ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಭಾವನ ಮೇಲೆ ಒಮ್ಮೆಯೂ ತೋರಿಸಲಾಗದ ಸಿಟ್ಟು, ಇಪ್ಪತ್ತಾರು ವರ್ಷದ ಈ ಹುಡುಗಿಯ ಮೇಲೆ ಬಂತು. ಕುರ್ಚಿ ಹಿಂದಕ್ಕೆ ತಳ್ಳಿ ಊಟಕ್ಕೆ ಎದ್ದರು.

ಮೇಲಿನ ಕೋಣೆಗಳಲ್ಲಿ ಹೆಂಡತಿ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಟ್ಟಿಟ್ಟಿದ್ದಳು. ಹೊರಗೆ ಉಳಿದದ್ದು ಎರಡು ತಟ್ಟೆ, ಎರಡು ಲೋಟ, ಒಂದು ಸೌಟು. ಅಣ್ಣ ಬಾಯಿತುಂಬ 'ಹೋಗಿ ಬಾ' ಅನ್ನದೆ ಹೊಸಿಲು ದಾಟುವುದಿಲ್ಲ ಎಂದು ಹೇಳಿದವಳೂ ಅವಳೇ, ಗಂಟು ಕಟ್ಟಿದವಳೂ ಅವಳೇ.

"ಆಯ್ತಾ?" ಎಂದಳು.

ಅವಳ ಕೂದಲಿಗೆ ಪೇಪರಿನ ಚೂರೊಂದು ಅಂಟಿತ್ತು. ಅವಳ ಮುಖ ಇಷ್ಟು ಗೆಲುವಾಗಿದ್ದನ್ನು ಅವರು ನೋಡಿ ಎಷ್ಟೋ ಕಾಲವಾಗಿತ್ತು. ಆಗಲಿಲ್ಲ ಎಂದು ಹೇಳಲು ಬಾಯಿ ತೆರೆದರು. "ಸಂಜೆಯೊಳಗೆ ಆಗುತ್ತೆ," ಎಂಬ ಮಾತು ಹೊರಬಂತು.

ಮಧ್ಯಾಹ್ನ ಸೊಸೆಯನ್ನು ಗೋದಾಮಿಗೆ ಕಳಿಸಿದರು, ಅರ್ಧ ಇಂಚಿನ ನಲ್ಲಿಗಳನ್ನು ಎಣಿಸಿ ಬಾ ಎಂದು. ಎಣಿಸುವ ಅಗತ್ಯವಿರಲಿಲ್ಲ. ಅವಳಿಗೆ ಅದು ಗೊತ್ತಾಗಿರಬೇಕು. ಅವರ ಮುಖವನ್ನೊಮ್ಮೆ ನೋಡಿ, ಪೆನ್ನು ತೆಗೆದುಕೊಂಡು ಹೋದಳು.

ಮೊದಲು ನಿರಾಕರಣೆಯ ಗುರುತುಗಳನ್ನು ತೆಗೆದರು. ನಂತರ ಅವಳ ಖಾತೆಯನ್ನು ಅಡ್ಮಿನಿಸ್ಟ್ರೇಟರಿಂದ ಇಳಿಸಿ ಸಾಮಾನ್ಯ ಬಳಕೆದಾರಳನ್ನಾಗಿ ಮಾಡಿದರು. ಕೊನೆಗೆ ಫೋಲ್ಡರಿನ ಪಟ್ಟಿಗೆ ಬಂದು, 'ಪೂರ್ಣ ನಿಯಂತ್ರಣ' ಎಂಬ ಮೊದಲ ಚೌಕವನ್ನು ಖಾಲಿ ಬಿಟ್ಟು, ಅದರ ಕೆಳಗಿನವುಗಳಿಗೆಲ್ಲ ಗುರುತು ಹಾಕಿದರು. ಇನ್ನು ಅವಳು ತೆರೆಯಬಹುದು, ಓದಬಹುದು, ದಿನವಿಡೀ ಬರೆಯಬಹುದು. ಯಾರಿಗೆ ಯಾವ ಅನುಮತಿ ಎನ್ನುವುದನ್ನು ಮಾತ್ರ ಬದಲಿಸುವಂತಿಲ್ಲ. ಐದು ನಿಮಿಷದ ಕೆಲಸ. ಅಡ್ಮಿನಿಸ್ಟ್ರೇಟರಿನ ಪಾಸ್‌ವರ್ಡ್ ಹೊಸದಾಗಿಸಿ, ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿದರು.

ನಾಲ್ಕು ಗಂಟೆಗೆ ಯಜಮಾನರು ಬಂದು ನಿಂತರು. ಸೊಸೆ ಎರಡು ಸಲ ಕ್ಲಿಕ್ ಮಾಡಿದಳು. ತೆರೆಯಿತು. ಕಂಪ್ಯೂಟರನ್ನು ಆಫ್ ಮಾಡಿಸಿ ಮತ್ತೆ ನೋಡಿದರು. ತೆರೆಯಿತು.

"ನೋಡಿದ್ರಾ! ಮನಸ್ಸಿದ್ರೆ ಮಾರ್ಗ," ಎಂದರು ಯಜಮಾನರು. ಲಕೋಟೆಯನ್ನು ಒಡೆಯದೆ ಜೇಬಿಗಿಟ್ಟುಕೊಂಡರು. ನಿಂತಲ್ಲೇ ಅನುಭವ ಪತ್ರಕ್ಕೆ ಸಹಿ ಹಾಕಿ, "ಹತ್ತೊಂಬತ್ತು ವರ್ಷ ಅಂದ್ರೆ ಸುಮ್ನೇನಾ? ತಂಗೀನ ಚೆನ್ನಾಗಿ ನೋಡ್ಕೊಳ್ಳಿ, ಹೋಗಿ ಬನ್ನಿ," ಎಂದರು. ಬಾಯಿತುಂಬ ಅಂದರು. ಕೆಳಗೆ ಯಾರೋ ಗಿರಾಕಿ ಕರೆದರೆಂದು ಹೊರಟುಹೋದರು.

ಲೆಕ್ಕದ ಮಾವ ಪತ್ರವನ್ನು ಚೀಲದಲ್ಲಿಡುತ್ತಿದ್ದರು. ಹಿಂದಿನಿಂದ ಮೌಸಿನ ಸದ್ದು ಕೇಳಿಸಿತು. ಒಂದು ಕ್ಲಿಕ್, ಇನ್ನೊಂದು, ಮತ್ತೊಂದು. ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ತಿರುಗಿ ನೋಡದೆಯೇ ಅವರಿಗೆ ಗೊತ್ತಾಗುತ್ತಿತ್ತು. ದಾರಿ ಅವರೇ ಹೇಳಿಕೊಟ್ಟದ್ದು. ಆಮೇಲೆ ಸದ್ದು ನಿಂತಿತು.

"ಚೌಕಗಳೆಲ್ಲ ಬೂದಿ ಬಣ್ಣ ಆಗಿವೆ, ಮಾವ. ಒತ್ತಿದ್ರೂ ಗುರುತು ಬೀಳ್ತಿಲ್ಲ."

"ಹೂಂ," ಎಂದರು. ಚೀಲದ ಜಿಪ್ಪು ಒಂದೇ ಎಳೆತಕ್ಕೆ ಬರಲಿಲ್ಲ, ಎರಡು ಸಲ ಎಳೆದರು.

ಅವಳು ಬೈಯಲಿಲ್ಲ. ಬೈದರೆ ತಡೆದುಕೊಳ್ಳಲು ಅವರು ಸಿದ್ಧರಾಗಿದ್ದರು. ಅವಳು ಫೋನು ತೆಗೆದುಕೊಂಡು ಮೆಟ್ಟಿಲ ಬಳಿ ಹೋಗಿ, "ಇಲ್ಲ ಡಾಕ್ಟ್ರೇ... ಇಲ್ಲ, ಮುಂದಿನ ತಿಂಗಳೂ ಹೇಳಕ್ಕಾಗಲ್ಲ... ಬೇರೆಯವರನ್ನ ತಗೊಳ್ಳಿ," ಎಂದದ್ದು ಕೇಳಿಸಿತು. ಹಿಂತಿರುಗಿ ಬಂದು ಕುರ್ಚಿಯಲ್ಲಿ ಕೂತಳು. ಈ ದಿನಗಳಲ್ಲಿ ಯಾವಾಗಲೂ ತುದಿಯಲ್ಲಷ್ಟೇ ಕೂರುತ್ತಿದ್ದವಳು ಈಗ ಹಿಂದಕ್ಕೆ ಸರಿದು ಬೆನ್ನು ಒರಗಿಸಿದಳು.

"ನಂಗೆ ಇದು ಎತ್ತರ ಆಯ್ತು. ಇಳಿಸೋದು ಹೇಗೆ ಮಾವ?"

ಲೆಕ್ಕದ ಮಾವ ಚೀಲ ಕೆಳಗಿಟ್ಟು ನೆಲಕ್ಕೆ ಮಂಡಿಯೂರಿದರು. ಕುರ್ಚಿಯ ಅಡಿಗೆ ಕೈ ಹಾಕಿ ಹಿಡಿಯನ್ನು ತಡವಿದರು. ಧೂಳು ಮೆತ್ತಿ ಬಿಗಿದುಕೊಂಡಿತ್ತು. ಬಲ ಹಾಕಿ ಮೇಲೆತ್ತಿದಾಗ ಕುರ್ಚಿ ಅವಳನ್ನು ಹೊತ್ತು ಒಂದಿಷ್ಟು ಕುಸಿದು ನಿಂತಿತು.

"ಸಾಕಾ?"

"ಇನ್ನೂ ಸ್ವಲ್ಪ."

ಮತ್ತೆ ಎತ್ತಿದರು. ಅವರ ಕಣ್ಣೆದುರಿನಲ್ಲಿ ಅವಳ ಪಾದಗಳು ನಿಧಾನವಾಗಿ ಇಳಿದವು. ಮೊದಲು ಬೆರಳ ತುದಿ ನೆಲ ಮುಟ್ಟಿತು, ಆಮೇಲೆ ಹಿಮ್ಮಡಿ. ಎರಡೂ ಪಾದಗಳು ನೆಲದ ಮೇಲೆ ಪೂರ್ತಿ ಕೂತವು.

"ಸಾಕಾ ಅಮ್ಮ?" ಎಂದರು.

ತಲೆಯ ಮೇಲೆ ಕೀಬೋರ್ಡಿನ ಸದ್ದು ಶುರುವಾಗಿತ್ತು. ಅವರು ಹಿಡಿಯಿಂದ ಕೈ ತೆಗೆಯದೆ ಮಂಡಿಯೂರಿಯೇ ಇದ್ದರು.