ಎಡಕ್ಕ ಯಾರು, ಬಲಕ್ಕ ಯಾರು

ಶಹಾಪುರದ ಆ ಎಲುಬಿನ ದವಾಖಾನೆಯಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲು ಬೆಳಗ್ಗೆ ಹತ್ತಕ್ಕೇ ಮುಚ್ಚಿತ್ತು. ಹೊರಗಿನ ಬೆಂಚಿನ ಮೇಲೆ ಹನ್ನೊಂದು ಜನ. ಕೈ ಕಟ್ಟಿಸಿಕೊಂಡವರು, ಕಾಲು ಚಾಚಿಕೊಂಡವರು, ತಮಗೇನೂ ಆಗದಿದ್ದರೂ ಜೊತೆಗೆ ಬಂದು ಎಲ್ಲರಿಗಿಂತ ಜೋರಾಗಿ ನರಳುವವರು. ಅವರೆಲ್ಲರ ಕಣ್ಣು ಪಕ್ಕದ ಸಣ್ಣ ಕೋಣೆಯ ಮೇಲೆ. ಅಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕಸ್ತೂರಿ ಸರ್ವರ್ ಮುಂದೆ ಕೂತು, ಒಂದು ಗುಂಡಿಯನ್ನು ಒತ್ತದೆ ಮುಕ್ಕಾಲು ಗಂಟೆ ಕಳೆದಿದ್ದಳು.

ಗುಂಡಿಯ ಹೆಸರು ಅಪ್ಲೈ.

ಸಂಗತಿ ಇಷ್ಟೇ. ಸರ್ವರಿನಲ್ಲಿ ಜಾಗ ತುಂಬಿತ್ತು. ಒಳಗೆ ಎರಡು ಡಿಸ್ಕು, ಒಂದೊಂದರಲ್ಲಿ ಎರಡೆರಡು ಪಾರ್ಟಿಶನ್ನು, ಒಂದು ಸಣ್ಣದು ಒಂದು ದೊಡ್ಡದು. ಒಂದು ಡಿಸ್ಕಿನ ದೊಡ್ಡ ಭಾಗದಲ್ಲಿ ಏಳು ವರ್ಷದ ಎಕ್ಸ್‌ರೇಗಳು. ಇನ್ನೊಂದರ ದೊಡ್ಡ ಭಾಗದಲ್ಲಿ ಹಳೆ ಕಂಪನಿಯವರು ಬಿಟ್ಟುಹೋದ ಕಸ. ಕಸವನ್ನು ಅಳಿಸಿ ಆ ಜಾಗವನ್ನು ಹೊಸ ಎಕ್ಸ್‌ರೇಗಳಿಗೆ ಕೊಡಬೇಕು. ಈ ಕೆಲಸದ ತಂತ್ರಾಂಶಕ್ಕೆ ಒಂದು ಮರ್ಯಾದೆ ಉಂಟು: ಹೇಳಿದ ಕೂಡಲೇ ಏನೂ ಮಾಡುವುದಿಲ್ಲ. ಆಗಬೇಕಾದ ಬದಲಾವಣೆಗಳನ್ನು ಸಾಲಾಗಿ ಬರೆದು ತೋರಿಸಿ, ನೋಡಿಕೊಳ್ಳಿ ಎಂದು ಕಾಯುತ್ತದೆ. ಅಪ್ಲೈ ಒತ್ತಿದ ಮೇಲೆ ಮಾತ್ರ ಬ್ರಹ್ಮ ಬಂದರೂ ತಿರುಗಿಸಲಾಗದು. ಎಕ್ಸ್‌ರೇಗಳ ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕೆಂದು ಅವಳು ಮೇಲಿನವರಿಗೆ ಮೂರು ಸಲ ಬರೆದುಕೊಟ್ಟಿದ್ದಳು. ಮೂರು ಸಲವೂ ಬಂದದ್ದು ಒಂದೇ ಉತ್ತರ: ‘ಮುಂದಿನ ತಿಂಗಳ ನೋಡೂಣು.’

ಹಿಂದೆ ಈ ಸೀಮೆಯ ಜನ ಎಕ್ಸ್‌ರೇ ಫಿಲ್ಮನ್ನು ಟ್ರಂಕಿನಲ್ಲೋ ದೇವರ ಫೋಟೋದ ಹಿಂದೋ ಇಡುತ್ತಿದ್ದರು. ಇಲಿ ಕಡಿಯುತ್ತಿತ್ತು, ಮೊಮ್ಮಕ್ಕಳು ಗ್ರಹಣ ನೋಡಲು ಒಯ್ಯುತ್ತಿದ್ದರು. ‘ಫಿಲ್ಮ್ ಯಾಕ ಬೇಕ್ರಿ, ನಿಮ್ಮ ಎಲುಬು ನಮ್ಮ ಕಂಪ್ಯೂಟರಿನ್ಯಾಗ ಭದ್ರ ಇರ್ತದ’ ಎಂದು ಬಂದವರಿಗೆಲ್ಲ ಹೇಳಿ ಒಪ್ಪಿಸಿದವಳು ಕಸ್ತೂರಿಯೇ. ಈಗ ಬೆಂಚಿನ ತುದಿಯಲ್ಲಿ ಕೂತಿದ್ದ ಗೋಗಿ ಊರಿನ ಚಂದಮ್ಮನಿಗೂ ಹೇಳಿದ್ದಳು. ಮೂರು ವರ್ಷದ ಹಿಂದೆ ತೊಡೆಗೆ ರಾಡು ಹಾಕಿಸಿಕೊಂಡ ಆಕೆ ಈಗ ಮತ್ತೆ ನೋವೆಂದು ಬಂದಿದ್ದಾಳೆ. ಹಳೆಯದನ್ನು ಪಕ್ಕಕ್ಕಿಟ್ಟು ನೋಡದೆ ಏನೂ ಹೇಳಲಾಗದು ಎಂದಿದ್ದಾರೆ ಡಾಕ್ಟರು.

ತಿರುಗಿ ಬರದ ಕೆಲಸಕ್ಕೆ ನಾಲ್ಕು ಕಣ್ಣು ಬೇಕು ಎಂಬುದು ಕಸ್ತೂರಿಯ ನೇಮ. ತನ್ನವು ಎರಡು. ಉಳಿದೆರಡಕ್ಕಾಗಿ ಬೆಳಗಿನಿಂದ ಭಿಕ್ಷೆ ಬೇಡುತ್ತಿದ್ದಳು.

ಮೊದಲು ಯಾದಗಿರಿಗೆ ಫೋನು. ಸರ್ವರಿನ ದುರಸ್ತಿಯ ಶಾಕೀರ ಸೋಮವಾರ ಬಂದು ನೋಡಿ, ಮಾಡಬೇಕಾದ್ದನ್ನು ಕಾಗದದಲ್ಲಿ ಬರೆದುಕೊಟ್ಟು ಹೋಗಿದ್ದ.

“ಶಾಕೀರ್ ಭಾಯ್, ನೀವ್ ಹೇಳ್ದಂಗ ಪೆನ್‌ಡ್ರೈವ್ ಹಾಕಿ ಚಾಲೂ ಮಾಡೀನಿ. ಸ್ಕ್ರೀನಿನ ಫೋಟೋ ವಾಟ್ಸಾಪಿಗಿ ಕಳ್ಸೀನಿ, ನೋಡಿದ್ರೇನು?”

“ನೋಡಿನಿ ಅಕ್ಕಾ. ಬರೋಬರಿ ಅದ. ಒತ್ರಿ.”

“ಫೋಟೋ ಇನ್ನಾ ತೆಗದೇ ಇಲ್ಲಲ್ಲ ನೀವು. ನೀಲಿ ಗೆರಿ ಬಂದಿಲ್ಲ ಇಲ್ಲಿ.”

“ಅಕ್ಕಾ, ನಾನೇ ಬರ್ದಿದ್ದು ನಾನೇ ಏನ್ ನೋಡ್ಲಿ? ಡಿಸ್ಕ್ ಒಂದು, ಎರಡನೇ ಪಾರ್ಟಿಶನ್, ಡಿಲೀಟ್. ಫಿಕರ್ ಮಾಡಬ್ಯಾಡ್ರಿ.” ಫೋನು ಕಟ್.

ಆಮೇಲೆ ಮ್ಯಾನೇಜರ್ ಭೀಮಾಶಂಕರ. ದಿನಾ ಸುರಪುರದಿಂದ ಬಸ್ಸಿನಲ್ಲಿ ಬರುವ ಈ ಮನುಷ್ಯ ಬಾಗಿಲಲ್ಲೇ ನಿಂತು, ಕಸ್ತೂರಿ ಚಾಚಿದ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ‘ಪರಿಶೀಲಿಸಿದೆ’ ಎಂಬುದರ ಕೆಳಗೆ ಸಹಿ ಜಡಿದ.

“ಸಾಹೇಬ್ರ, ಓದ್ರಿ ಅಂತ ಕೊಟ್ಟೀನಿ.”

“ಓದೂದು ನಿನ್ ಕೆಲಸ, ಸಹಿ ಮಾಡೂದು ನನ್ ಕೆಲಸ. ಹೊರಗ ಮಂದಿ ನನ್ನ ಹರ್ಕೊಂಡ್ ತಿನ್ನಾಕತ್ಯಾರ. ಜಲ್ದಿ ಮಾಡವಾ.”

“ಕಾಗದ ತೆಳಗ-ಮ್ಯಾಲ ಆಗಿತ್ತು ನೀವ್ ಸಹಿ ಮಾಡುವಾಗ.”

“ಸಹಿ ನೆಟ್ಟಗ ಬಂದದಿಲ್ಲ?” ಎಂದು ಆತ ಹೊರಟೇಹೋದ.

ಕಸ್ತೂರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಹಿಗೆ ಬರವಿಲ್ಲ, ಕಣ್ಣಿಗೆ ಬರ. ತಾನೇ ಐದು ಸಲ ಓದಿದ್ದಳು. ಕಾಗದದಲ್ಲಿ ಡಿಸ್ಕ್ ಒಂದು. ಸ್ಕ್ರೀನಿನಲ್ಲೂ ಡಿಸ್ಕ್ ಒಂದು. ಎರಡೂ ದೊಡ್ಡ ಭಾಗಗಳು ಒಂದೇ ಅಳತೆ, ಎರಡೂ ಭರ್ತಿ; ಒಳಗೇನಿದೆ ಎಂದು ತಂತ್ರಾಂಶ ತೋರಿಸದು. ತಪ್ಪೇನಿಲ್ಲ. ಆದರೂ ಬೆರಳು ಏಳದು.

“ಏನವಾ ಕಸ್ತೂರಿ, ಯಾರ್‍ನ ಬೈಯಾಕತ್ತಿ?” ಗೇಟು ಕಾಯುವ ಮರಿಲಿಂಗಪ್ಪ ಚಹಾ ಹಿಡಿದು ಬಂದ. ಪಕ್ಕದ ಸಗರ ಊರಿನವನು. ಮೂವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲ ಅಳೆದು, ರಿಟೈರಾದ ಮೇಲೆ ಇಲ್ಲಿ ಕುರ್ಚಿ ಹಾಕಿಕೊಂಡವನು.

“ಮುತ್ಯಾ, ಒಂದ್ ತುಂಡು ಅಳಿಸಬೇಕಾಗ್ಯಾದ. ಬರೋಬರಿ ಅದೋ ಇಲ್ಲೋ ಅಂತ ನೋಡಾಕ ಈ ದವಾಖಾನ್ಯಾಗ ಒಂದ್ ನರಪಿಳ್ಳಿ ಇಲ್ಲ.”

“ನಂಗ ಹೇಳು.”

“ನಿಂಗ ಇಂಗ್ಲಿಷ್ ಬರ್ತದೇನು?”

“ನಿನ್ ಮ್ಯಾನೇಜರಿಗಿ ಬರ್ತದಲ್ಲ, ಏನ್ ಉಪಯೋಗಾತು?” ಮುದುಕ ಸ್ಟೂಲೆಳೆದು ಕೂತ. “ತುಂಡು ಅಂದಿ. ಹೊಲದಂಗ ಏನು?”

“ಹೊಲದಂಗೇ ಅನ್ನು. ಸರ್ವೆ ನಂಬರ್ ಒಂದು, ಎರಡನೇ ತುಂಡು.”

“ಚಕ್ಕುಬಂದಿ ಹೇಳು.”

“ಏನು?”

“ಸುತ್ತಮುತ್ತ ಯಾರ ಹೊಲ ಅದಾವ ಅಂತ ಹೇಳವಾ. ಎಡಕ್ಕ ಯಾರು, ಬಲಕ್ಕ ಯಾರು. ಅದನ್ನ ಓದ್ದೆ ನಾವ್ ಒಂದಿನ ಕಲ್ಲು ನೆಟ್ಟಿಲ್ಲ. ನಂಬರ್ ಬರ್ಯಾಂವ ಶಾನುಭೋಗ, ಅಂವಗ ಕಣ್ಣು ಮಂಜಿದ್ರ ಏಳು ಒಂದಾಗ್ತದ. ನಂಬರ್ ತಪ್ಪಬಹುದು, ನೆರಿಯವ್ರು ತಪ್ಪಂಗಿಲ್ಲ. ಕೊಂಕಲ್‌ನ್ಯಾಗ ಒಮ್ಮಿ ಹಿಂಗೇ…”

“ಕತಿ ಆಮ್ಯಾಗ, ಮುತ್ಯಾ.”

“ಆತು ತಗೋ. ಎಡಕ್ಕ ಯಾರು?”

ಕಸ್ತೂರಿ ಮುದುಕನ ಮನ ನೋಯಿಸಬಾರದೆಂದೇ ತನ್ನ ಹಳೆ ನೋಟ್‌ಬುಕ್ಕು ತೆಗೆದಳು. ಸರ್ವರ್ ಬಂದ ದಿನ ಎರಡೂ ಡಿಸ್ಕಿನ ಚಿತ್ರ ಬಿಡಿಸಿಕೊಂಡಿದ್ದಳು, ಪೆನ್ಸಿಲಿನಲ್ಲಿ. “ಕಸದ ತುಂಡಿನ ಎಡಕ್ಕ ಹಳೆ ಬಿಲ್ಲಿನ ತಂತ್ರಾಂಶ. ನೂರು ಜಿಬಿ. ಬಲಕ್ಕ ಯಾರೂ ಇಲ್ಲ.”

“ಇದು ಕಾಗದ. ಈಗ ಹೊಲದಾಗ ನಿಂತು ಹೇಳು.”

ಅವಳು ಸ್ಕ್ರೀನಿನತ್ತ ತಿರುಗಿದಳು. ಡಿಸ್ಕ್ ಒಂದು. ಎರಡನೇ ತುಂಡಿನ ಎಡಕ್ಕೆ… ನಲವತ್ತು.

ಮತ್ತೊಮ್ಮೆ ನೋಡಿದಳು. ನಲವತ್ತೇ. ನೋಟ್‌ಬುಕ್ಕಿನಲ್ಲಿ ನಲವತ್ತು ಜಿಬಿಯ ತುಂಡು ಒಂದೇ ಒಂದು ಇತ್ತು, ಅದು ಎಕ್ಸ್‌ರೇ ತಂತ್ರಾಂಶದ್ದು. ಅದರ ಬಲಕ್ಕಿರುವುದು ಏಳು ವರ್ಷದ ಎಲುಬು.

“ಯಾಕ ಬಾಯಿ ಕಟ್ತು?” ಎಂದ ಮರಿಲಿಂಗಪ್ಪ.

ಕಸ್ತೂರಿ ಮೌಸಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಬಾಗಿಲು ಹಾಕಿ ಯಾದಗಿರಿಗೆ ಫೋನು ಹಚ್ಚಿದಳು.

“ಹಾಂ, ಅದೇನದ ಅಕ್ಕಾ,” ಎಂದ ಶಾಕೀರ, “ಪೆನ್‌ಡ್ರೈವಿನಿಂದ ಚಾಲೂ ಮಾಡಿದ್ರ ಡಿಸ್ಕಿನ ನಂಬರ್ ಒಮ್ಮೊಮ್ಮಿ ಅದಲಿಬದಲಿ ಆಗ್ತಾವ. ನಾ ಸೋಮಾರ ಬರ್ಕೊಂಡಿದ್ದು ಪೆನ್‌ಡ್ರೈವ್ ಹಾಕ್ದೆ ಸೀದಾ ಸರ್ವರಿನ್ಯಾಗ ನೋಡಿ.”

“ಮೊದಲ ಯಾಕ ಹೇಳಲಿಲ್ಲ?”

“ನೀವ್ ಕೇಳಲಿಲ್ಲಲ್ಲ. ಒಂದಿದ್ದದ್ದು ಎರಡು ಮಾಡ್ರಿ, ಒತ್ರಿ. ಆತು.”

“ಶಾಕೀರ್ ಭಾಯ್, ಈಗ ಫೋಟೋ ತೆಗದು ನೋಡ್ರಿ. ನೀಲಿ ಗೆರಿ ಬರೂತನ ನಾ ಫೋನ್ ಇಡಂಗಿಲ್ಲ.”

ನೀಲಿ ಗೆರೆ ಬಂತು, ನಂಬರು ಅದಲುಬದಲಾದದ್ದು ಅವನಿಗೂ ಕಂಡಿತು. ಅವಳು ಪಟ್ಟಿಯನ್ನೆಲ್ಲ ರದ್ದು ಮಾಡಿ ಹೊಸದಾಗಿ ಬರೆದು, ಭೀಮಾಶಂಕರನನ್ನು ಕರೆಸಿದಳು. ಆತ ಬರುತ್ತಲೇ ಜೇಬಿನಿಂದ ಪೆನ್ನು ತೆಗೆದ. ಕಸ್ತೂರಿ ಅದನ್ನು ಕಸಿದು ಮರಿಲಿಂಗಪ್ಪನ ಕೈಗೆ ಕೊಟ್ಟಳು.

“ಸಹಿ ಬ್ಯಾಡ್ರಿ. ಸ್ಕ್ರೀನ್ ನೋಡಿ ಬಾಯಿಲೆ ಹೇಳ್ರಿ. ಅಳಿಸೂ ತುಂಡಿನ ಎಡಕ್ಕ ಯಾರು?”

“ನಾ ಏನ್ ಸಾಲಿ ಹುಡುಗೇನು?”

“ಹೇಳ್ರಿ ಸಾಹೇಬ್ರ,” ಎಂದ ಮರಿಲಿಂಗಪ್ಪ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು. “ತಾಸೀಲ್ದಾರ್ ಸುದ್ದಾ ಹೊಲದಾಗ ನಿಂತು ಹೇಳ್ತಿದ್ರು.”

ಭೀಮಾಶಂಕರ ಕನ್ನಡಕ ಹಾಕಿಕೊಂಡ. ಬಗ್ಗಿದ. “ಡಿಸ್ಕ್ ಎರಡು. ಎಡಕ್ಕ ನೂರು. ಬಲಕ್ಕ… ಬಲಕ್ಕ ಏನೂ ಇಲ್ಲ. ಆತಿಲ್ಲ?”

“ಇನ್ನೊಮ್ಮಿ.”

ಗೊಣಗುತ್ತ ಇನ್ನೊಮ್ಮೆ ಹೇಳಿದ. ಕಸ್ತೂರಿ ನೋಟ್‌ಬುಕ್ಕಿನಲ್ಲಿ ಬೆರಳಿಟ್ಟು ಕೇಳಿಸಿಕೊಂಡಳು. ಆಮೇಲೆ ಒತ್ತಿದಳು.

ಮಧ್ಯಾಹ್ನ ಒಂದಕ್ಕೆ ಎಕ್ಸ್‌ರೇ ಕೋಣೆಯ ಬಾಗಿಲು ತೆರೆಯಿತು. ಕಸ್ತೂರಿ ಎಲ್ಲರಿಗಿಂತ ಮೊದಲು ಚಂದಮ್ಮನ ಹೆಸರು ಹಾಕಿ ಹುಡುಕಿದಳು. ಮೂರು ವರ್ಷದ ಹಿಂದಿನ ತೊಡೆ ಎದ್ದು ಬಂತು. ಬೂದು ಎಲುಬು, ನಡುವೆ ಬೆಳ್ಳಗೆ ಹೊಳೆಯುವ ರಾಡು, ನಾಲ್ಕು ಸ್ಕ್ರೂ. ಅವಳು ಆ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿದಳು, ಕಳೆದುಹೋದ ಕಿವಿಯೋಲೆ ಸಿಕ್ಕವರ ಹಾಗೆ.

ಚಂದಮ್ಮ ಗೋಡೆ ಹಿಡಿದುಕೊಂಡು ಬಂದು ಬಗ್ಗಿ ನೋಡಿದಳು.

“ಇದೇ ಏನು ತಂಗಿ ನಂದು?”

“ಇದೇ ನೋಡವಾ. ನಾ ಹೇಳಿದ್ದಿಲ್ಲೇನು, ಭದ್ರ ಇರ್ತದ ಅಂತ.”

“ಇದ್ದಲ್ಲೇ ಇತ್ತಲ್ಲ,” ಎಂದಳು ಚಂದಮ್ಮ, ಸೊಂಟ ಹಿಡಿದು ಕುರ್ಚಿಯಲ್ಲಿ ಕೂರುತ್ತ. “ಇಷ್ಟಕ್ಕ ಮೂರು ತಾಸು ಕೂಡಿಸಿದಿ? ಗೋಗಿ ಬಸ್ಸು ಹೋತು ನಂದು.”

ಬಾಗಿಲಲ್ಲಿ ಮರಿಲಿಂಗಪ್ಪ ನಿಂತಿದ್ದ, ಮ್ಯಾನೇಜರನ ಪೆನ್ನು ಇನ್ನೂ ಕಿವಿಯಲ್ಲೇ ಇತ್ತು.

“ಏನ್ ಮಾಡ್ತಿ ಯವ್ವಾ,” ಎಂದ ಮುದುಕ ಚಂದಮ್ಮನಿಗೆ, “ನೆರಿಯವ್ರನ್ನ ಕೇಳ್ಕೊಂಡು ಬರೂದ್ರಾಗ ತಡಾತು.”