ಹಳದಿ ಕಣ್ಣಿನ ಡ್ರೈವರ್

ಚಹಾದ ಲೋಟಗಳನ್ನು ತೊಳೆದು ತೊಳೆದು ಮಗಳ ಬೆರಳ ತುದಿ ನೆರಿಗೆಗಟ್ಟಿತ್ತು. ಒಂದಿಷ್ಟು ಕವುಚಿಡುವಷ್ಟರಲ್ಲಿ ಇನ್ನೊಂದಿಷ್ಟು ಒಳಗೆ ಬರುತ್ತಿದ್ದವು. ಮುಂದಿನ ಕೋಣೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಒಯ್ಯುವ ಗಾಡಿ ಮಧ್ಯಾಹ್ನಕ್ಕೆ ಬರುವುದಿತ್ತು. ಯಾರೋ ಅವರ ಕಣ್ಣು ಮುಚ್ಚಿದ್ದರು. ಅದನ್ನು ಕಂಡಾಗ ಅವಳಿಗೆ ಮೊದಲು ಆದದ್ದು ಸಮಾಧಾನ: ಸದ್ಯ, ಇನ್ನು ಆ ಹಳದಿ ಯಾರಿಗೂ ಕಾಣುವುದಿಲ್ಲ. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ನಾಚಿಕೆಯಾಗಿ ಅಡುಗೆಮನೆಗೆ ಬಂದು ಲೋಟ ಹಿಡಿದಿದ್ದಳು.

ಕಿಟಕಿಯಾಚೆ ಸೋದರಮಾವನ ದನಿ ಕೇಳಿತು.

"ಮನುಷ್ಯ ಒಳ್ಳೆಯವನೇ. ಆದ್ರೆ ಆ ಕುಡಿತ ಬಿಡ್ತಾ? ಕಣ್ಣು ನೋಡಿದ್ರೆ ಸಾಕಿತ್ತು."

"ಯಾರು ಕುಡೀತಿದ್ದದ್ದು?"

ಕೇಳಿದವರು ಕಂಡಕ್ಟರ್. ಅಪ್ಪ ಓಡಿಸುತ್ತಿದ್ದ ಬಸ್ಸಿನಲ್ಲೇ ನೌಕರಿ ಸವೆಸಿದವರು. ಎಲ್ಲರ ಬಾಯಲ್ಲೂ ಅವರ ಹೆಸರು 'ರೈಟ್‌ರೈಟ್'.

"ಇನ್ಯಾರು, ನಮ್ಮ ಭಾವ."

"ಡಿಪೋ ಗೇಟಲ್ಲಿ ದಿನಾ ಬೆಳಿಗ್ಗೆ ಯಂತ್ರಕ್ಕೆ ಊದಿಸ್ತಿದ್ರು ಸ್ವಾಮಿ. ಬೇರೆ ಡ್ರೈವರಿಗೆ ಒಂದು ಸಲ, ಅಣ್ಣನಿಗೆ ಎರಡು ಸಲ. ಆ ಕಣ್ಣಿನ ದೆಸೆಯಿಂದ. ಎರಡು ಸಲಾನೂ ಸೊನ್ನೆ! ನಾನೇ ಒಂದಿನ ಸಿಕ್ಕಿಬಿದ್ದೆ. ಅಣ್ಣ ಯಾವತ್ತೂ ಇಲ್ಲ."

"ಕಾಮಾಲೆ ಕಣ್ಣು ಸುಳ್ಳು ಹೇಳತ್ತೇನ್ರಿ?"

"ಕಾಮಾಲೆ ಇದ್ದದ್ದು ನೋಡೋರ ಕಣ್ಣಲ್ಲಿ," ಎಂದರು ರೈಟ್‌ರೈಟ್.

ಮಗಳು ನಲ್ಲಿ ನಿಲ್ಲಿಸಿದಳು. "ಅಮ್ಮಾ, ಅಪ್ಪ ಕುಡೀತಿರಲಿಲ್ವಾ?"

ಅಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಮೆಲ್ಲಗೆ ಮಾತಾಡೇ. ನಿಮ್ಮತ್ತೆ ಹೊರಗೇ ಕೂತಿದಾರೆ."

*

ಮಗಳ ಮದುವೆಯ ಮಾತಿಗೆ ಬಂದ ದಿನ ಗಂಡಿನ ತಂದೆ ಅಪ್ಪನ ಕಣ್ಣನ್ನೇ ನೋಡುತ್ತ ಕೇಳಿದ್ದರು, "ಡ್ರೈವರ್ ಸಾಹೇಬ್ರು ಸಂಜೆ ಹೊತ್ತು ತಗೋತೀರೋ ಹೇಗೆ?"

ಅಪ್ಪ ಅಮ್ಮನ ಕಡೆ ಒಮ್ಮೆ ತಿರುಗಿದರು. "ಸ್ವಲ್ಪ ಅಭ್ಯಾಸ ಇದೆ," ಎಂದರು.

"ಹೋಗ್ಲಿ ಬಿಡಿ, ಗಂಡಸರ ಚಟ," ಎಂದು ಅವರು ನಕ್ಕರು. ಮಾತು ಮುರಿಯಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಮಗಳಿಗೆ ಮಾತ್ರ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಮಗಳಿಗೆ ಪುಟ್ಟಿ ಹುಟ್ಟಿದಾಗ ಕೂಸಿನ ಮೈಯೆಲ್ಲ ಹಳದಿಯಾಗಿ, ಆಸ್ಪತ್ರೆಯವರು ನೀಲಿ ದೀಪದ ಕೆಳಗೆ ಮಲಗಿಸಿ ಕಳಿಸಿದ್ದರು. ಹುಟ್ಟಿದ ಮಕ್ಕಳಿಗೆ ಇದು ಮಾಮೂಲು ಎಂದಿದ್ದರು. ಅಪ್ಪ ಎತ್ತಿಕೊಳ್ಳಲು ಕೈ ಚಾಚಿದರು.

"ಕುಡಿದ ಕೈಯಲ್ಲಿ ಮಗು ಮುಟ್ಟಬೇಡಿ," ಎಂದಿದ್ದಳು ಮಗಳು, ಅತ್ತೆಯ ಎದುರಿಗೇ.

ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ಯಾವಾಗ ಬಂದರೂ ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದುದು ಒಂದೇ. "ಪುಟ್ಟಿ ಕಣ್ಣು ತಿಳಿಯಾಯ್ತಾ?" ಅಮಲಿನಲ್ಲಿ ಹೇಳಿದ್ದನ್ನೇ ಹೇಳುತ್ತಾರೆ ಎಂದುಕೊಂಡು ಅವಳು ಉತ್ತರ ಕೊಡುತ್ತಿರಲಿಲ್ಲ.

*

"ರಕ್ತದ ಕಣ ಹುಟ್ಟೋದು ಮೂಳೆ ಒಳಗಂತೆ," ಅಮ್ಮ ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು. "ಬೇರೆಯವರದಾದ್ರೆ ನಾಲ್ಕು ತಿಂಗಳು ಓಡಾಡತ್ತೆ. ಹಳೇದಾದದ್ದನ್ನ ಹೊಟ್ಟೆಯ ಎಡಗಡೆ ಗುಲ್ಮ ಅಂತ ಒಂದಿದೆಯಲ್ಲ, ಅದು ಹಿಡಿದು ಒಡೆಯತ್ತೆ. ಒಳಗಿನ ಕಬ್ಬಿಣ ಮತ್ತೆ ಮೂಳೆಗೆ ಹೋಗತ್ತೆ, ಹೊಸ ಕಣಕ್ಕೆ. ಉಳಿದ ಕಸವೇ ಆ ಹಳದಿ. ನಿಮ್ಮಪ್ಪನ ಕಣ ಹುಟ್ಟುತ್ತಲೇ ಗುಂಡಗೆ, ಬಳುಕಲ್ಲ. ಗುಲ್ಮದ ಸಂದೀಲಿ ನುಗ್ಗೋಕಾಗದೆ ಕೆಲವೇ ದಿನಕ್ಕೆ ಒಡೆದುಹೋಗ್ತಿತ್ತು. 'ಎಲ್ಲರ ಡಿಪೋದಲ್ಲೂ ಹಳೇ ಬಸ್ಸು ಗುಜರಿಗೆ ಹೋಗತ್ತೆ, ನನ್ನ ಡಿಪೋದಲ್ಲಿ ಹೊಸಾ ಬಸ್ಸೇ ಹೋಗತ್ತೆ ಕಣೇ' ಅಂತ ನಗ್ತಿದ್ರು."

"ನನಗ್ಯಾಕೆ ಹೇಳಲಿಲ್ಲ?"

"ಅದು ವಂಶದಲ್ಲಿ ಇಳಿದು ಬರೋದು, ಕೆಲವರಲ್ಲಿ ಹೊರಗೆ ಕಾಣಲ್ಲ ಅಷ್ಟೆ. ರಕ್ತ ಕೆಟ್ಟ ಮನೆ ಅಂದ್ರೆ ನಿನ್ನ ಯಾರು ಕೇಳ್ತಿದ್ರು? ಕುಡುಕನ ಮಗಳಿಗೆ ಗಂಡು ಸಿಗತ್ತೆ. 'ಕುಡುಕ ಅಂತಲೇ ಅನ್ನಲಿ ಬಿಡು, ನನ್ನ ಗಂಟೇನು ಹೋಯ್ತು' ಅಂದ್ರು."

"ಪುಟ್ಟಿ ಹುಟ್ಟಿದ ಮೇಲಾದ್ರೂ..."

"ಹೇಳೇ ಬಿಡ್ತೀನಿ ಅಂತ ಚಪ್ಪಲಿ ಮೆಟ್ಟಿದ್ರು. ನಾನೇ ಅಡ್ಡ ನಿಂತೆ. ನಿನ್ನ ವಾಪಸ್ ಕಳಿಸಿಬಿಟ್ರೆ ಅಂತ." ಅಮ್ಮ ಒಲೆಯ ಉರಿ ತಗ್ಗಿಸಿದಳು. "ಈ ಸಲ ಜ್ವರ ಬಂತಲ್ಲ, ಒಡೆಯೋದು ಜಾಸ್ತಿಯಾಯ್ತು, ಹುಟ್ಟೋದು ಸಾಲದೆ ಹೋಯ್ತು. ಆಸ್ಪತ್ರೆಯವರು ರಕ್ತ ಹೊಂದಿಸೋಷ್ಟರಲ್ಲಿ ಮುಗೀತು."

ಜ್ವರ. ಹೋದ ತಿಂಗಳು ಪುಟ್ಟಿಗೂ ಬಂದಿತ್ತು. ಬಿಟ್ಟ ಮೇಲೂ ಎರಡು ಮೆಟ್ಟಿಲು ಹತ್ತಿ ಕೂತುಬಿಡುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು, ಕಣ್ಣಂಚು ತುಸು ಹಳದಿ. ಅತ್ತೆ ಅವಳನ್ನು ಸೋಮಾರಿ ಎಂದು ಬೈಯುತ್ತಲೇ, ಪಿತ್ತ ಇಳಿಯಲಿ ಎಂದು ದಿನವೂ ಕಹಿ ಕಷಾಯ ಕುಡಿಸುತ್ತಿದ್ದರು. ಮಗಳೂ ಪುಟ್ಟಿಯ ಮೂಗು ಹಿಡಿದು ಸಹಕರಿಸಿದ್ದಳು.

ಅವಳು ಕೈ ಒರೆಸಿಕೊಂಡು ಎದ್ದಳು. ಅಮ್ಮ ಮೊಣಕೈ ಹಿಡಿದು ನಿಲ್ಲಿಸಿದಳು.

"ಬೇಡ ಕಣೇ. ಬೀಗರು ಎದ್ದು ಹೋಗಲಿ. ಅದೂ ಹೆಣ್ಣು ಕೂಸು, ನಾಳೆ ಅದಕ್ಕೂ ಮದುವೆ ಆಗಬೇಕು."

"ಮದುವೆಗೆ ಮೊದಲು ಬದುಕಬೇಕಲ್ಲಮ್ಮಾ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಮುಂದಿನ ಕೋಣೆಯಲ್ಲಿ ಜನ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಅತ್ತೆ ಕುರ್ಚಿಯಲ್ಲಿ, ಅವರ ಕಾಲ ಬಳಿ ಪುಟ್ಟಿ. ಅಪ್ಪನ ಕಡೆ ನೋಡುವ ಮುಖ ಮಗಳಿಗಿರಲಿಲ್ಲ. ಪುಟ್ಟಿಯನ್ನು ಎಬ್ಬಿಸಿ, ತೆರೆದ ಬಾಗಿಲ ಬೆಳಕಿಗೆ ತಂದು ನಿಲ್ಲಿಸಿದಳು.

"ಅತ್ತೆ, ಸ್ವಲ್ಪ ಬನ್ನಿ ಇಲ್ಲಿ."

"ಈಗೇನಮ್ಮಾ? ಹೊರಡೋ ಹೊತ್ತಲ್ಲಿ?"

"ಈಗಲೇ ನೋಡಬೇಕು. ನಮ್ಮಪ್ಪ ಕುಡೀತಿರಲಿಲ್ಲ."

ಹೊರಲು ಬಗ್ಗಿದ್ದ ರೈಟ್‌ರೈಟ್ ಬಗ್ಗಿದಂತೆಯೇ ತಲೆ ಎತ್ತಿದರು. ಅತ್ತೆ ಕನ್ನಡಕ ಹಾಕಿಕೊಂಡು ಎದ್ದು ಬಂದರು. ಮಗಳು ಹೆಬ್ಬೆರಳಿನಿಂದ ಪುಟ್ಟಿಯ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದಳು.

"ಕೈ ತಣ್ಣಗಿದೆ ಅಮ್ಮಾ," ಎಂದಳು ಪುಟ್ಟಿ. ಆದರೂ ಕಣ್ಣು ಮಿಟುಕಿಸದೆ, ಬಗ್ಗಿ ಬಂದ ಅಜ್ಜಿಯ ಮುಖವನ್ನೇ ನೋಡುತ್ತ ನಿಂತಳು.